ಬಂದರೆ ಗಿಡದ ಬೇಲಿ: ಗುಡ್ಡದಲ್ಲಿ ತಾನಾಗಿ ಬೆಳೆಯುವ ಗಿಡ ಹೊಲದಲ್ಲಿ ಏಕೆ ಸಾಯುತ್ತಿದೆ?

ಶಿರಾ ಸೀಮೆ

ಎಲ್ಲರಿಗೂ ನಮಸ್ಕಾರ. ಶಿರಾ ತಾಲ್ಲೂಕಿನಲ್ಲಿ ನಮ್ಮದು ಮೂರೂವರೆ ಎಕರೆ ಹೊಲವಿದೆ. ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಲು ಎಷ್ಟಾಗುತ್ತದೆಂದು ವಿಚಾರಿಸಿ ಬಂದ ಸಂಜೆಯೇ ಆ ಆಸೆಯನ್ನು ಬಿಟ್ಟು, ಗಿಡದ ಬೇಲಿಯನ್ನೇ ಮಾಡುವುದೆಂದು ತೀರ್ಮಾನಿಸಿದೆ. ನಮ್ಮೂರ ಹಿಂದಿನ ಗುಡ್ಡದ ತುಂಬ ಬಂದರೆ ಗಿಡವಿದೆ. ಅದಕ್ಕೆ ಯಾರೂ ನೀರು ಕೊಡುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಸುತ್ತಲಿನ ಗಿಡಗಳೆಲ್ಲ ಎಲೆ ಉದುರಿಸಿ ಕಡ್ಡಿಯಾಗಿ ನಿಂತಾಗಲೂ ಅದೊಂದು ಮಾತ್ರ ಎಣ್ಣೆ ಸವರಿದಂತೆ ಮಿನುಗುತ್ತಿರುತ್ತದೆ. ಇದಕ್ಕಿಂತ ಒಳ್ಳೆಯ ಬೇಲಿಗಿಡ ಸಿಗಲಾರದೆಂದು ಕಳೆದ ಜುಲೈನಲ್ಲಿ ಒಂದು ನರ್ಸರಿಯಿಂದ 200 ಪ್ಯಾಕೆಟ್ ಸಸಿ ತಂದು, ಎರಡಡಿಗೆ ಒಂದರಂತೆ ಪೂರ್ವ ಮತ್ತು ಉತ್ತರದ ಬದುಗಳ ಮೇಲೆ ನೆಟ್ಟೆ. ಗುಂಡಿಗೆ ಒಂದೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿದೆ, ಡ್ರಿಪ್ ಪೈಪು ಎಳೆದು ದಿನವೂ ನೀರು ಬಿಟ್ಟೆ, ಎರಡು ಬಾರಿ ಯೂರಿಯಾ ಕೂಡ ಕೊಟ್ಟೆ. ಡಿಸೆಂಬರ್ ಹೊತ್ತಿಗೆ 110 ಗಿಡಗಳು ಸತ್ತಿವೆ. ಮೊದಲು ಎಲೆ ಹಳದಿಯಾಗುತ್ತದೆ, ಆಮೇಲೆ ತುದಿಯಿಂದ ಒಣಗುತ್ತ ಬರುತ್ತದೆ. ಮಗುವಿನಂತೆ ಸಾಕಿದರೂ ಹೀಗೇಕಾಯಿತೆಂದು ತಿಳಿದವರು ಹೇಳಬೇಕು.

ಹಟ್ಟಿ ಹೈದ

ಮಗುವಿನಂತೆ ಸಾಕಿದ್ದರಿಂದಲೇ ಸತ್ತಿವೆ, ಸ್ವಾಮಿ. ಮೊದಲು ಆ ಡ್ರಿಪ್ ಪೈಪನ್ನು ಸುತ್ತಿ ಅಟ್ಟಕ್ಕೆ ಹಾಕಿ.

ಕೋಟೆ ಮೇಷ್ಟ್ರು

ಹಟ್ಟಿ ಹೈದರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ನಾನು ನಾಲ್ಕು ಸಾಲಿನಲ್ಲಿ ಹೇಳುತ್ತೇನೆ, ಮೇಷ್ಟ್ರಾಗಿದ್ದವನ ಚಟವೆಂದು ಕ್ಷಮಿಸಿ. ಚಿತ್ರದುರ್ಗದ ಜೋಗಿಮಟ್ಟಿಯ ಕಡೆ ಬೆಳಗಿನ ಹೊತ್ತು ನಡೆದು ಬರುವವನು ನಾನು. ಅಲ್ಲಿ ಬಂದರೆ ಎಲ್ಲಿ ಚೆನ್ನಾಗಿದೆ ಎಂಬುದನ್ನು ಒಮ್ಮೆ ನಿಂತು ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆಯೇ. ಬಂಡೆಯ ಸಂದಿನಲ್ಲಿ, ಗರಸು ಮಣ್ಣಿನ ಇಳಿಜಾರಿನಲ್ಲಿ, ರಸ್ತೆಗೆಂದು ಕಡಿದ ದಿಬ್ಬದ ಅಂಚಿನಲ್ಲಿ, ಅಂದರೆ ಬಿದ್ದ ನೀರು ಒಂದು ಗಳಿಗೆಯೂ ನಿಲ್ಲದ ಜಾಗದಲ್ಲಿ ಅದು ಪೊದೆಪೊದೆಯಾಗಿ ಬೆಳೆದಿರುತ್ತದೆ. ಅದೇ ಗುಡ್ಡದ ಬುಡದಲ್ಲಿ ಹಳ್ಳದ ಪಕ್ಕಕ್ಕೆ ಇಳಿದರೆ ಒಂದು ಗಿಡವೂ ಕಾಣಿಸುವುದಿಲ್ಲ. ನೀರು ಕಡಿಮೆಯಾದರೆ ತಡೆದುಕೊಳ್ಳುವ ಶಕ್ತಿ ಆ ಬೇರಿಗೆ ಉಂಟು. ನೀರು ನಿಂತರೆ ಅದು ಉಸಿರು ಕಟ್ಟಿ ಕೊಳೆಯುತ್ತದೆ.

ಒಂದು ಪ್ರಶ್ನೆಗೆ ಉತ್ತರ ಕೊಡಿ. ಸತ್ತ 110 ಗಿಡಗಳು ಹೊಲದ ತುಂಬ ಚದುರಿ ಹೋಗಿವೆಯೋ ಅಥವಾ ಒಂದೇ ಕಡೆಯಲ್ಲಿವೆಯೋ?

ತಾರಸಿ ತೋಟಗಾರ್ತಿ

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನಗೆ ಬಂದರೆ ಎಂಬ ಹೆಸರನ್ನೇ ಕೇಳಿ ಗೊತ್ತಿರಲಿಲ್ಲ. ಚಿತ್ರ ಹುಡುಕಿ ನೋಡಿದಾಗ ಇದನ್ನು ನಂದಿ ಬೆಟ್ಟದ ದಾರಿಯಲ್ಲಿ ನೂರು ಸಲ ಕಂಡಿದ್ದೇನೆಂದು ತಿಳಿಯಿತು. ಕಾಗದದ ಪುಟ್ಟ ಲಾಟೀನುಗಳಂತೆ ಗುಲಾಬಿ ಬಣ್ಣದ ಕಾಯಿಗಳು ಗೊಂಚಲಾಗಿ ಬಿಡುವ ಗಿಡ ಇದೇ ಅಲ್ಲವೇ? ನಾನು ಇಷ್ಟು ದಿನ ಅದನ್ನು ಹೂವೆಂದೇ ತಿಳಿದಿದ್ದೆ. ಇನ್ನೊಂದು ಸಂದೇಹವಿದೆ. ಹಿಂದಿಯ ಒಂದು ವಿಡಿಯೊದಲ್ಲಿ ಇದನ್ನು ವಿಲಾಯತಿ ಮೆಹಂದಿ ಎಂದರು. ಹಾಗಾದರೆ ಇದೂ ಮದರಂಗಿಯ ಜಾತಿಯೇ? ಕೈಗೆ ಹಚ್ಚಿದರೆ ಕೆಂಪಾಗುತ್ತದೆಯೇ?

ಹಸಿರು ಹಾಳೆ

ಸಸ್ಯಶಾಸ್ತ್ರ ಓದುತ್ತಿರುವವಳಾದ್ದರಿಂದ ಇದಕ್ಕೆ ನಾನು ಉತ್ತರಿಸುತ್ತೇನೆ. ಅಕ್ಕಾ, ಇದಕ್ಕೂ ಮದರಂಗಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಮದರಂಗಿಯಂತೆ ಕತ್ತರಿಸಿ ಬೇಲಿ ಮಾಡಲು ಬರುತ್ತದೆಂಬ ಹೋಲಿಕೆಯಿಂದ ಆ ಹೆಸರು ಅಂಟಿರಬೇಕು, ಕೈಯಂತೂ ಕೆಂಪಾಗುವುದಿಲ್ಲ. ಇದು ಅಂಟುವಾಳದ ಕುಟುಂಬಕ್ಕೆ ಸೇರಿದ್ದು, ಶಾಸ್ತ್ರೀಯ ಹೆಸರು ಡೊಡೋನಿಯ ವಿಸ್ಕೋಸಾ. ಮೊದಲ ಪದ 16ನೆಯ ಶತಮಾನದ ಫ್ಲೆಮಿಶ್ ಸಸ್ಯಶಾಸ್ತ್ರಜ್ಞ ರೆಂಬರ್ಟ್ ಡೊಡೊಯೆನ್ಸ್ ಅವರ ನೆನಪಿಗೆ ಇಟ್ಟದ್ದು, ಎರಡನೆಯ ಪದಕ್ಕೆ ಜಿಗುಟಾದದ್ದು ಎಂದರ್ಥ. 1753ರಲ್ಲಿ ಲಿನೇಯಸ್ ಇದನ್ನು ಬೇರೊಂದು ಕುಲದಲ್ಲಿಟ್ಟಿದ್ದರು. 1760ರಲ್ಲಿ ಜಾಕ್ವಿನ್ ಈಗಿನ ಹೆಸರಿಗೆ ತಂದರು. ಎಳೆಯ ಎಲೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ನಿಮಿಷ ಹಿಡಿದು ಬಿಡಿಸಿ ನೋಡಿ, ಜಿಗುಟೆಂಬ ಹೆಸರು ಏಕೆ ಬಂತೆಂಬುದು ಬೆರಳಿಗೇ ತಿಳಿಯುತ್ತದೆ. ಶಿರಾದವರು ಹೇಳಿದ ಆ ಮಿನುಗು ಎಲೆಯ ಮೇಲಿನ ರಾಳದ ಪದರದಿಂದ ಬಂದದ್ದು. ಎಲೆಯ ನೀರು ಬಿಸಿಲಿಗೆ ಆರಿಹೋಗದಂತೆ ತಡೆಯಲು ಅದೂ ನೆರವಾಗುತ್ತದೆ.

ನೀವು ಹೂವೆಂದುಕೊಂಡದ್ದು ಕಾಯಿಯೇ. ಹೂವಿಗೆ ದಳಗಳೇ ಇಲ್ಲ. ಪರಾಗ ಗಾಳಿಯಲ್ಲಿ ಹಾರುವುದರಿಂದ ಜೇನನ್ನು ಕರೆಯುವ ಅಲಂಕಾರ ಅದಕ್ಕೆ ಬೇಕಿಲ್ಲ. ಕಾಯಿಗೆ ಸಾಮಾನ್ಯವಾಗಿ ಮೂರು ರೆಕ್ಕೆಗಳಿರುತ್ತವೆ, ಅಪರೂಪಕ್ಕೆ ಎರಡೋ ನಾಲ್ಕೋ ಕಾಣುತ್ತವೆ. ಹಸಿರಾಗಿ ಹುಟ್ಟಿ, ಗುಲಾಬಿಗೆ ತಿರುಗಿ, ಬಲಿತಾಗ ಕಂದಾಗುತ್ತದೆ.

ಹಟ್ಟಿ ಹೈದ

ಹೆಸರಿನಲ್ಲೇ ವಿಲಾಯತಿ ಇದೆಯಲ್ಲ! ಹಾಗಾದರೆ ಇದೂ ಲಂಟಾನದಂತೆ ಬ್ರಿಟಿಷರು ತಂದು ಸುರಿದ ಗಿಡವೇ ಇರಬೇಕು. ಇದನ್ನು ನೆಡಿ ಎಂದು ಹೇಳುವ ಮುಂಚೆ ಯೋಚಿಸಬೇಕಿತ್ತು.

ಹಸಿರು ಹಾಳೆ

ಇಲ್ಲ, ಇದನ್ನು ಒಪ್ಪಲಾಗದು. ಡೊಡೋನಿಯ ಕುಲದ ಸುಮಾರು 70 ಜಾತಿಗಳಲ್ಲಿ ಬಹುಪಾಲು ಆಸ್ಟ್ರೇಲಿಯಾದಲ್ಲಿಯೇ ಇವೆ, ಕುಲದ ಮೂಲ ಅಲ್ಲಿಯದೆಂಬುದು ನಿಜ. ಆದರೆ ಈ ಒಂದು ಜಾತಿ ಮನುಷ್ಯನ ಸಹಾಯವಿಲ್ಲದೆ ಜಗತ್ತಿನ ಬೆಚ್ಚಗಿನ ನಾಡುಗಳನ್ನೆಲ್ಲ ಸುತ್ತಿದೆ. ಆಫ್ರಿಕಾ, ಅಮೆರಿಕ, ಹವಾಯಿ, ನ್ಯೂಜಿಲೆಂಡ್, ಭಾರತ ಎಲ್ಲೆಡೆಯೂ ಅದು ಸ್ಥಳೀಯವೇ. ಲಂಟಾನವನ್ನು ಅಲಂಕಾರಕ್ಕೆಂದು ತಂದು ನೆಟ್ಟದ್ದಕ್ಕೆ ದಾಖಲೆಯುಂಟು, ಬಂದರೆಯ ಕಥೆಯೇ ಬೇರೆ. ನಮ್ಮ ಭಾಷೆಗಳಲ್ಲಿ ಅದಕ್ಕಿರುವ ಹೆಸರುಗಳನ್ನೇ ನೋಡಿ: ಬಂದರೆ, ಬಂದರಿಕೆ, ಬಂದುರುಗಿ, ಹಂಗರಿಕೆ, ತೆಲುಗಿನಲ್ಲಿ ಬಂದಾರು, ತಮಿಳಿನಲ್ಲಿ ವಿರಾಲಿ. ನಿನ್ನೆ ಮೊನ್ನೆ ಬಂದ ಗಿಡಕ್ಕೆ ಊರೂರಲ್ಲಿ ಇಷ್ಟೊಂದು ಹೆಸರು ಹುಟ್ಟುವುದಿಲ್ಲ.

ಮಸಾರಿ ಮಣ್ಣು

ಸಂಡೂರಿನ ಕಡೆಯವನು ನಾನು. ನಮ್ಮ ತಾಲ್ಲೂಕಿನಲ್ಲಿ ಬಂಡ್ರಿ ಎಂಬ ಊರೇ ಇದೆ, ಈ ಗಿಡದಿಂದಲೇ ಆ ಹೆಸರು ಬಂದದ್ದೆಂದು ನನ್ನ ನಂಬಿಕೆ.

ಗಿಡದ ಉಪಯೋಗ ತಿಳಿಯಬೇಕಾದರೆ ನಮ್ಮ ಅಜ್ಜನ ಮಾಳಿಗೆ ಮನೆಯನ್ನು ನೋಡಬೇಕಿತ್ತು. ತೊಲೆಯ ಮೇಲೆ ಜಂತೆ ಜೋಡಿಸಿ, ಜಂತೆಯ ಮೇಲೆ ಬಂದರೆ ಸೊಪ್ಪನ್ನು ಮೊಳದುದ್ದ ದಪ್ಪಕ್ಕೆ ಹಾಸಿ ತುಳಿದು, ಅದರ ಮೇಲೆ ಮಣ್ಣು, ಕೊನೆಗೆ ಸವುಳು ಮಣ್ಣು ಹೊದಿಸುತ್ತಿದ್ದರು. ಬೇರೆ ಸೊಪ್ಪಾದರೆ ಗೆದ್ದಲು ಹಿಡಿಯುತ್ತದೆ, ಬಂದರೆಯನ್ನು ಗೆದ್ದಲು ಮುಟ್ಟುವುದಿಲ್ಲ ಎನ್ನುತ್ತಿದ್ದರು ಹಿರಿಯರು. ಹತ್ತು ವರ್ಷದ ಹಿಂದೆ ಆ ಮನೆಯನ್ನು ಕೆಡವಿದಾಗ ಜಂತೆಯ ಮೇಲಿನಿಂದ ಉದುರಿದ ಸೊಪ್ಪು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತೇ ಹೊರತು ಎಲೆಯ ಆಕಾರ ಹಾಗೆಯೇ ಇತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದವನು ನಾನು.

ಕೋಟೆ ಮೇಷ್ಟ್ರು

ಮಾಳಿಗೆಯ ಮಾತಿಗೆ ನನ್ನದೂ ಸಾಕ್ಷಿಯಿದೆ. ಆದರೆ ಊರಿನ ಹೆಸರಿನ ಮಾತಿಗೆ ಇಲ್ಲ. ಎರಡು ಪದ ಒಂದೇ ರೀತಿ ಕೇಳಿಸಿತೆಂದು ಒಂದರಿಂದ ಇನ್ನೊಂದು ಹುಟ್ಟಿತೆನ್ನುವುದು ಹರಟೆಕಟ್ಟೆಯ ಭಾಷಾಶಾಸ್ತ್ರ. ಹಳೆಯ ಶಾಸನದಲ್ಲೋ ಕಡತದಲ್ಲೋ ಆಧಾರ ತೋರಿಸಿದರೆ ತಲೆಬಾಗಿ ಒಪ್ಪುತ್ತೇನೆ.

ಮಸಾರಿ ಮಣ್ಣು

ಶಾಸನ ತರುವುದು ನನ್ನ ಕೈಲಾಗದು, ಮೇಷ್ಟ್ರೇ. ನಂಬಿಕೆ ಎಂದೇ ಬರೆದಿದ್ದೆ, ನಂಬಿಕೆಯಾಗಿಯೇ ಇರಲಿ ಬಿಡಿ.

ಘಟ್ಟದ ಮೇಲಿನವ

ಶಿರಸಿಯ ಹತ್ತಿರ ನಮ್ಮ ತೋಟದ ಅಂಚಿಗೆ ಇದನ್ನು ತಂದು ಹಾಕಿ ನೋಡಿದ್ದೆ. ಎರಡು ಮಳೆಗಾಲವನ್ನೂ ದಾಟಲಿಲ್ಲ. ಆದ್ದರಿಂದ ಇದು ಬರಡು ನೆಲದ ಗಿಡವೇ ಹೊರತು ಮಳೆಬೀಳುವ ನಾಡಿಗೆ ಸಲ್ಲದೆಂಬುದು ನನ್ನ ತೀರ್ಪು. ನಮ್ಮಲ್ಲಿ ಬೇಲಿಗೆ ದಾಸವಾಳವೂ ಗೊಬ್ಬರದ ಗಿಡವೂ ಸಾಕು, ಕಡ್ಡಿ ಚುಚ್ಚಿದರೆ ಬರುತ್ತವೆ.

ಹಸಿರು ಹಾಳೆ

ತೀರ್ಪನ್ನು ಸ್ವಲ್ಪ ತಿದ್ದಬೇಕಾಗುತ್ತದೆ, ಅಣ್ಣ. ಜಗತ್ತಿನ ಎಷ್ಟೋ ಕಡೆ ಇದು ಸಮುದ್ರ ತೀರದ ಮರಳಿನಲ್ಲಿ ಉಪ್ಪುಗಾಳಿಗೆ ಮೈಯೊಡ್ಡಿ ಬೆಳೆಯುತ್ತದೆ. ಕರಾವಳಿಯ ಬಗೆಗೆ ಎಲೆ ಅಗಲ, ಒಳನಾಡಿನ ಬಗೆಗೆ ಎಲೆ ಸಪೂರ ಎಂಬ ವ್ಯತ್ಯಾಸವನ್ನೂ ಗುರುತಿಸಿದ್ದಾರೆ. ಹಾಗಾಗಿ ಮಳೆ ಎಷ್ಟು ಬೀಳುತ್ತದೆ ಎಂಬುದಕ್ಕಿಂತ ಬಿದ್ದ ಮಳೆ ಎಷ್ಟು ಬೇಗ ಬೇರು ದಾಟಿ ಇಳಿದು ಹೋಗುತ್ತದೆ ಎಂಬುದೇ ಇಲ್ಲಿ ಮುಖ್ಯ. ನಿಮ್ಮ ತೋಟದ ಅಂಚು ಎಂದರೆ ಅಡಿಕೆಯ ನೆರಳೂ ಇದ್ದೀತು. ಇದಕ್ಕೆ ಪೂರ್ತಿ ಬಿಸಿಲು ಬೇಕು, ನೆರಳಿನಲ್ಲಿ ಬೆಳೆದರೆ ಬುಡ ಬರಿದಾಗಿ ತುದಿಯಲ್ಲಿ ಮಾತ್ರ ನಾಲ್ಕು ಎಲೆ ಹಿಡಿದು ನಿಲ್ಲುತ್ತದೆ.

ಘಟ್ಟದ ಮೇಲಿನವ

ಅಡಿಕೆಯ ನೆರಳು ಇದ್ದದ್ದು ಹೌದು. ಅದನ್ನು ಹೇಳಲು ಮರೆತಿದ್ದೆ.

ಶಿರಾ ಸೀಮೆ

ಮೇಷ್ಟ್ರ ಪ್ರಶ್ನೆಗೆ ಉತ್ತರ ಕೊಡಲು ಇವತ್ತು ಬೆಳಿಗ್ಗೆ ಎರಡೂ ಬದುಗಳ ಮೇಲೆ ನಡೆದು ಎಣಿಸಿ ಬಂದೆ. ಸತ್ತ 110ರಲ್ಲಿ 94 ಗಿಡಗಳು ಉತ್ತರದ ಬದುವಿನವು. ಆ ಕಡೆ ಹೊಲ ತಗ್ಗಾಗಿದೆ, ಮಣ್ಣು ಎರೆ, ಪಕ್ಕದಲ್ಲೇ ಕೃಷಿಹೊಂಡವಿದೆ. ಪೂರ್ವದ ಬದು ಕೆಂಪು ಗರಸು. ಅಲ್ಲಿ ಸತ್ತವು 16 ಮಾತ್ರ, ಅವೂ ಡ್ರಿಪ್ ಪೈಪು ಸೀಳಿ ನೀರು ಸೋರುತ್ತಿದ್ದ ಕಡೆಯವೇ ಹೆಚ್ಚು.

ಒಂದು ಸತ್ತ ಗಿಡವನ್ನು ಕಿತ್ತೆ. ಕೀಳುವಾಗ ಯಾವ ಬಿಗಿಯೂ ಇರಲಿಲ್ಲ, ಮೂಲಂಗಿಯಂತೆ ಎದ್ದು ಬಂತು. ಆರು ತಿಂಗಳಾದರೂ ಬೇರು ಪ್ಯಾಕೆಟ್ಟಿನ ಆಕಾರದಲ್ಲಿಯೇ ಸಿಂಬಿಯಂತೆ ಸುತ್ತಿಕೊಂಡಿತ್ತು. ಉಗುರಿನಿಂದ ಒತ್ತಿದರೆ ಮೇಲಿನ ತೊಗಟೆ ಕಾಲ್ಚೀಲದಂತೆ ಜಾರಿ ಒಳಗಿನ ನಾರು ಮಾತ್ರ ಉಳಿಯಿತು. ಬಣ್ಣ ಕಪ್ಪು, ವಾಸನೆ ಚರಂಡಿಯದು. ಪೂರ್ವದ ಬದುವಿನ ಬದುಕಿರುವ ಗಿಡವೊಂದನ್ನು ಪರೀಕ್ಷೆಗೆಂದು ಎಳೆದು ನೋಡಿದೆ, ಅಲ್ಲಾಡಲಿಲ್ಲ.

ಕೋಟೆ ಮೇಷ್ಟ್ರು

ರೋಗ ಗೊತ್ತಾಯಿತಲ್ಲ. ಎರೆಮಣ್ಣು, ತಗ್ಗು, ಹೊಂಡದ ಜಿನುಗು, ಮೇಲೆ ದಿನವೂ ಡ್ರಿಪ್. ಅದರ ಜೊತೆಗೆ ಸುತ್ತಿಕೊಂಡ ಬೇರು. ಪ್ಯಾಕೆಟ್ಟಿನಲ್ಲಿ ವರ್ಷಗಟ್ಟಲೆ ಮಾರಾಟವಾಗದೆ ಉಳಿದ ಸಸಿಯನ್ನು ನಿಮಗೆ ದಾಟಿಸಿದ್ದಾರೆ. ಸಸಿ ಕೊಳ್ಳುವಾಗ ಎತ್ತರ ನೋಡಿ ಮರುಳಾಗಬಾರದು. ಪ್ಯಾಕೆಟ್ಟಿನ ತಳದ ತೂತಿನಿಂದ ದಪ್ಪ ಬೇರು ಹೊರಬಂದಿದ್ದರೆ ಅದನ್ನು ಅಲ್ಲಿಯೇ ಇಟ್ಟು ಬರಬೇಕು.

ಯೂರಿಯಾ ಏಕೆ ಕೊಟ್ಟಿರೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಬೇಗ ಬೆಳೆದರೆ ಕಾಂಡ ಬಡಕಲಾಗಿ ಬೇಲಿ ಬುಡದಲ್ಲಿ ಬೋಳಾಗುತ್ತದೆ. ಈ ಗಿಡ ಬಡತನದಲ್ಲಿ ಬೆಳೆದಷ್ಟೂ ಒತ್ತಾಗಿ ಕವಲೊಡೆಯುತ್ತದೆ.

ಶಿರಾ ಸೀಮೆ

ಮನೆಯಲ್ಲಿ ಅರ್ಧ ಚೀಲ ಉಳಿದಿತ್ತು, ಮೇಷ್ಟ್ರೇ. ಅದೇ ಕಾರಣ.

ಕುರಿ ಕಾಯುವವನ ಮಗ

ಬೇಲಿಯ ಮಾತು ಬಂದಾಗ ಮೊದಲು ಕೇಳಬೇಕಾದದ್ದು ಕುರಿ ಮೇಕೆಗಳ ಅಭಿಪ್ರಾಯ. ನಮ್ಮ ಹಿಂಡಿನ ಮೇಕೆಗಳು ಜಾಲಿಯ ಮುಳ್ಳನ್ನೂ ಲೆಕ್ಕಿಸದೆ ಮೇಯುತ್ತವೆ, ಬಂದರೆಯನ್ನು ಮಾತ್ರ ಮೂಸಿ ಮುಂದೆ ಹೋಗುತ್ತವೆ. ಗುಡ್ಡದಲ್ಲಿ ಬೇರೆ ಗಿಡಗಳೆಲ್ಲ ಬೋಳಾಗಿ ಬಂದರೆಯೊಂದೇ ಹಬ್ಬಿರುವುದಕ್ಕೆ ಅರ್ಧ ಕಾರಣ ಇದೇ. ಬರಗಾಲದಲ್ಲಿ ಒಂದೆರಡು ಬಾಯಿ ಹಾಕಿದ್ದನ್ನು ಕಂಡಿದ್ದೇನೆ, ಅದು ಹಸಿವಿನ ಮಾತು.

ಆದರೆ ಒಂದು ವಿಷಯದಲ್ಲಿ ಮೋಸ ಹೋಗಬೇಡಿ. ಇದಕ್ಕೆ ಮುಳ್ಳಿಲ್ಲ. ಮೇಕೆ ತಿನ್ನುವುದಿಲ್ಲ ಎಂದ ಮಾತ್ರಕ್ಕೆ ಮೇಕೆ ನುಗ್ಗುವುದಿಲ್ಲ ಎಂದಲ್ಲ. ಎರಡಡಿಗೆ ಒಂದು ಗಿಡ ಒಂದೇ ಸಾಲಿನಲ್ಲಿ ಹಾಕಿದರೆ ಸಂದಿಯಲ್ಲಿ ತಲೆ ತೂರಿಸಿ ನಿಮ್ಮ ಶೇಂಗಾ ಮೇಯುತ್ತವೆ. ಒಂದೂವರೆ ಅಡಿಗೆ ಒಂದರಂತೆ ಎರಡು ಸಾಲು ಹಾಕಿ, ಮುಂದಿನ ಸಾಲಿನ ಸಂದಿಗೆ ಹಿಂದಿನ ಸಾಲಿನ ಗಿಡ ಬರುವಂತೆ ನೆಡಬೇಕು. ಹಂದಿಯ ಕಾಟವಿದ್ದರೆ ಇದೂ ಸಾಲದು, ಹೊರಗಡೆಗೆ ಕತ್ತಾಳೆ ಬೇಕೇ ಬೇಕು.

ಫೀನಿಕ್ಸ್ ಕನ್ನಡತಿ

ಚಳ್ಳಕೆರೆಯಲ್ಲಿ ಬಾಲ್ಯ ಕಳೆದು ಈಗ ಅಮೆರಿಕದ ಅರಿಜೋನಾದಲ್ಲಿರುವ ನನಗೆ ಈ ಚರ್ಚೆಯನ್ನು ಓದಿ ನಗುವೂ ಬಂತು, ಊರಿನ ನೆನಪೂ ಬಂತು. ಇಲ್ಲಿಗೆ ಬಂದ ಹೊಸತರಲ್ಲಿ ನೆರೆಮನೆಯ ಕಾಂಪೌಂಡಿನ ಉದ್ದಕ್ಕೂ ಕತ್ತರಿಸಿ ನಿಲ್ಲಿಸಿದ ಗಿಡದ ಹತ್ತಿರ ಹೋಗಿ ಎಲೆ ಉಜ್ಜಿ ಮೂಸಿದೆ, ನಮ್ಮ ಗುಡ್ಡದ ಬಂದರೆಯೇ! ಇಲ್ಲಿ ಇದನ್ನು ಹಾಪ್ ಬುಶ್ ಎನ್ನುತ್ತಾರೆ. ಆಸ್ಟ್ರೇಲಿಯಾಕ್ಕೆ ಹೋಗಿ ನೆಲಸಿದ ಯೂರೋಪಿಯನ್ನರು ಬಿಯರಿಗೆ ಕಹಿ ಕೊಡುವ ಹಾಪ್ ಹೂವಿನ ಬದಲಿಗೆ ಇದರ ಕಾಯಿಯನ್ನು ಬಳಸಿದ್ದರಿಂದ ಆ ಹೆಸರು ಬಂದದ್ದಂತೆ. ಅರಿಜೋನಾದ ಬೆಟ್ಟಗಳಲ್ಲಿಯೂ ಇದು ತಾನಾಗಿ ಬೆಳೆಯುತ್ತದೆ. ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆಯೂ 45 ಡಿಗ್ರಿ ದಾಟುವ ಬಿಸಿಲೂ ಇರುವ ನಮ್ಮ ಊರಿನಲ್ಲಿ, ಬೇರೂರಿದ ಗಿಡಕ್ಕೆ ಬೇಸಗೆಯಲ್ಲಿ ಅಪರೂಪಕ್ಕೆ ಒಮ್ಮೆ, ಆದರೆ ಆಳಕ್ಕೆ ಇಳಿಯುವಂತೆ ನೀರು ಕೊಡುವುದು ವಾಡಿಕೆ. ದಿನವೂ ತೊಟ್ಟು ತೊಟ್ಟು ಕೊಡುವವರ ಗಿಡಗಳೇ ಇಲ್ಲಿಯೂ ಸಾಯುವುದು.

ಇಲ್ಲಿ ನೇರಳೆ ಬಣ್ಣದ ಎಲೆಯ ಬಗೆಯೂ ಬಹಳ ಜನಪ್ರಿಯ, ಅದರ ಮೂಲ ನ್ಯೂಜಿಲೆಂಡ್. ಚಳಿಗಾಲದಲ್ಲಿ ಅದರ ಬಣ್ಣ ಗಾಢವಾಗುತ್ತದೆ. ಆ ನಾಡಿನ ಮಾವೊರಿ ಜನ ಈ ಗಿಡವನ್ನು ಅಕೆಅಕೆ ಎಂದು ಕರೆದು, ಅದರ ಗಟ್ಟಿ ಕಟ್ಟಿಗೆಯಿಂದ ಗದೆಗಳನ್ನು ಮಾಡುತ್ತಿದ್ದರು. ಹವಾಯಿಯಲ್ಲಿ ಕೆಂಪು ಕಾಯಿಗಳನ್ನು ಹೂಮಾಲೆಯಂತೆ ಪೋಣಿಸುತ್ತಾರೆ. ನಾವು ಮಾತ್ರ ಸೌದೆಗೆ ಕಡಿದು ಮರೆತಿದ್ದೇವೆ.

ಮಸಾರಿ ಮಣ್ಣು

ಸೌದೆಯನ್ನು ಅಷ್ಟು ಹಗುರವಾಗಿ ಕಾಣಬೇಡಿ, ಅಕ್ಕಾ. ಹಸಿಯಾಗಿದ್ದಾಗಲೇ ಚಟಪಟನೆ ಹತ್ತಿ ಉರಿಯುವ ಕಟ್ಟಿಗೆ ಮಳೆಗಾಲದಲ್ಲಿ ಎಷ್ಟು ಮನೆಗಳ ಒಲೆ ಹೊತ್ತಿಸಿದೆಯೆಂಬುದು ನಮ್ಮ ಅವ್ವಂದಿರಿಗೆ ಗೊತ್ತು. ಎಲೆಯ ರಾಳವೇ ಅಲ್ಲಿ ಸೀಮೆಎಣ್ಣೆಯ ಕೆಲಸ ಮಾಡುವುದು.

ತಾರಸಿ ತೋಟಗಾರ್ತಿ

ಹಾಗಾದರೆ ಮನೆಯ ಪಕ್ಕದಲ್ಲಿ ನೆಡುವುದು ಅಪಾಯವಲ್ಲವೇ? ಬೇಸಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಈ ಗಿಡಗಳ ಗತಿಯೇನು?

ಮಸಾರಿ ಮಣ್ಣು

ದೊಡ್ಡ ಗಿಡ ಬೆಂಕಿಗೆ ಸಿಕ್ಕರೆ ಸಾಮಾನ್ಯವಾಗಿ ಸತ್ತೇ ಹೋಗುತ್ತದೆ. ಆದರೆ ಬೆಂಕಿ ಬಿದ್ದ ಗುಡ್ಡಕ್ಕೆ ಮುಂದಿನ ಮಳೆಯಾದ ಮೇಲೆ ಹೋಗಿ ನೋಡಿ, ಬೂದಿಯ ನಡುವೆ ಸಾಸಿವೆ ಚೆಲ್ಲಿದಂತೆ ಸಸಿಗಳು ಎದ್ದಿರುತ್ತವೆ. ಮನೆಯ ಗೋಡೆಗೆ ತಾಗಿಸಿ ನೆಡಬಾರದೆಂಬುದು ನಿಜ, ಹತ್ತಡಿ ದೂರವಿಡಿ.

ಹಸಿರು ಹಾಳೆ

ಅದಕ್ಕೆ ಕಾರಣ ಬೀಜದ ಸಿಪ್ಪೆ. ಅದು ನೀರನ್ನು ಒಳಗೆ ಬಿಡದಷ್ಟು ಗಟ್ಟಿ. ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುವ ಬೀಜಕ್ಕೆ ಬೆಂಕಿಯ ಬಿಸಿ ತಗಲಿ ಸಿಪ್ಪೆಯಲ್ಲಿ ಸಣ್ಣ ಬಿರುಕು ಬಿದ್ದರೆ ನೀರು ಒಳಗಿಳಿದು ಮೊಳಕೆಯೊಡೆಯುತ್ತದೆ. ಬಿತ್ತುವವರು ಬೀಜಕ್ಕೆ ಬಿಸಿನೀರು ಹಾಕುವುದೂ ಇದೇ ತತ್ವದ ಮೇಲೆ.

ಶಿರಾ ಸೀಮೆ

ಹಾಗಾದರೆ ಬೀಜದಿಂದಲೇ ಮಾಡಬಹುದೇ? ನರ್ಸರಿಯ ಸಹವಾಸ ಇನ್ನು ಸಾಕೆನಿಸಿದೆ. ಕ್ರಮವನ್ನು ಯಾರಾದರೂ ಬಿಡಿಸಿ ಹೇಳುವಿರಾ?

ಕೋಟೆ ಮೇಷ್ಟ್ರು

ನಾನು ಮಾಡುವ ಕ್ರಮ ಹೇಳುತ್ತೇನೆ. ಕಾಯಿ ಕಂದು ಬಣ್ಣಕ್ಕೆ ತಿರುಗಿ, ಗೊಂಚಲನ್ನು ಅಲ್ಲಾಡಿಸಿದರೆ ಸರಸರ ಸದ್ದು ಬರುವ ಹೊತ್ತಿಗೆ ಕೊಯ್ಯಬೇಕು. ಗುಲಾಬಿಯಾಗಿದ್ದಾಗ ಕೊಯ್ದರೆ ಬೀಜ ಎಳಸು. ಎರಡು ದಿನ ನೆರಳಿನಲ್ಲಿ ಹರಡಿ, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ರೆಕ್ಕೆಗಳು ಹಾರಿ ಹೋಗಿ ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಕಪ್ಪು ಬೀಜ ಉಳಿಯುತ್ತದೆ. ನೀರನ್ನು ಕುದಿಸಿ ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಬೀಜದ ಮೇಲೆ ಸುರಿದು ಮರುದಿನದವರೆಗೆ ಬಿಡಬೇಕು. ಒಲೆಯ ಮೇಲೆಯೇ ಬೀಜ ಹಾಕಿ ಕುದಿಸಿದರೆ ಅದು ಪಲ್ಯವಾಗುತ್ತದೆ, ಬಿತ್ತನೆಗೆ ಬಾರದು. ಮರುದಿನ ನೋಡಿದರೆ ಒಂದಷ್ಟು ಉಬ್ಬಿ ಮುಳುಗಿರುತ್ತವೆ, ತೇಲುವವನ್ನು ಚೆಲ್ಲಿ. ಮುಳುಗಿಯೂ ಉಬ್ಬದಿರುವವಕ್ಕೆ ಇನ್ನೊಮ್ಮೆ ಬಿಸಿನೀರಿನ ಸ್ನಾನ ಮಾಡಿಸಿ.

ಕೆಮ್ಮಣ್ಣು ಎರಡು ಪಾಲು, ಮರಳು ಒಂದು ಪಾಲು ಸೇರಿಸಿ ಪ್ಯಾಕೆಟ್ ತುಂಬಿ, ಬೀಜದ ದಪ್ಪದ ಎರಡರಷ್ಟು ಮಾತ್ರ ಆಳಕ್ಕೆ ಬಿತ್ತಿ. ಗೊಬ್ಬರ ಚಿಟಿಕೆಯಷ್ಟು ಸಾಕು. ಫೆಬ್ರವರಿ ಮಾರ್ಚಿನಲ್ಲಿ ಬಿತ್ತಿದರೆ ಆಗಸ್ಟಿನ ಮಳೆಗೆ ಗೇಣುದ್ದದ ಸಸಿ ನೆಡಲು ಸಿದ್ಧವಾಗುತ್ತದೆ.

ಕುರಿ ಕಾಯುವವನ ಮಗ

ನಮ್ಮ ಅಪ್ಪ ಪ್ಯಾಕೆಟ್ಟನ್ನು ಕಂಡವರೇ ಅಲ್ಲ. ಮೃಗಶಿರಾ ಮಳೆ ಬಿದ್ದ ಮೇಲೆ ಬದುವಿನ ಮೇಲೆ ಸಾಲು ಗೀರಿ, ಬಿಸಿನೀರು ಕಂಡ ಬೀಜವನ್ನು ಮರಳಿನ ಜೊತೆ ಬೆರೆಸಿ ಉದುರಿಸಿ ಬಂದರು. ಅರ್ಧ ಹುಟ್ಟಿತು, ಹುಟ್ಟಿದ್ದು ಒಂದೂ ಸಾಯಲಿಲ್ಲ. ನೆಲದಲ್ಲೇ ಹುಟ್ಟಿದ ಗಿಡದ ಬೇರು ನೇರ ಕೆಳಗಿಳಿಯುತ್ತದೆ, ಸಿಂಬಿ ಸುತ್ತುವುದಿಲ್ಲ.

ಕೋಟೆ ಮೇಷ್ಟ್ರು

ಬೀಜ ಧಾರಾಳವಾಗಿದ್ದರೆ ಅದೇ ಒಳ್ಳೆಯ ಕ್ರಮ, ಒಪ್ಪಿದೆ. ಹುಟ್ಟದ ಕಡೆ ತುಂಬಲು ಐವತ್ತು ಪ್ಯಾಕೆಟ್ ಮಾಡಿಟ್ಟುಕೊಳ್ಳಲಿ.

ಹಟ್ಟಿ ಹೈದ

ಕಡ್ಡಿ ಚುಚ್ಚಿದರೆ ಬರುವುದಿಲ್ಲವೇ? ಇಷ್ಟೆಲ್ಲ ಬಿಸಿನೀರು ತಣ್ಣೀರು ಏಕೆ?

ಫೀನಿಕ್ಸ್ ಕನ್ನಡತಿ

ಬರುತ್ತದೆ, ಆದರೆ ದಾಸವಾಳದಷ್ಟು ಸುಲಭವಲ್ಲ. ಅರೆಬಲಿತ ಕಡ್ಡಿಗೆ ಬೇರಿನ ಹಾರ್ಮೋನ್ ಪುಡಿ ಹಚ್ಚಿ ಮರಳಿನಲ್ಲಿ ಇಟ್ಟರೂ ನನ್ನ ಹತ್ತರಲ್ಲಿ ನಾಲ್ಕು ಮಾತ್ರ ಹಿಡಿದವು. ನೇರಳೆ ಎಲೆಯ ಒಳ್ಳೆಯ ಗಿಡವೊಂದರ ಬಣ್ಣ ಹಾಗೆಯೇ ಬರಬೇಕೆಂದರೆ ಕಡ್ಡಿಯೇ ದಾರಿ, ಬೀಜದ ಸಸಿಗಳಲ್ಲಿ ಬಣ್ಣ ಹೆಚ್ಚುಕಡಿಮೆಯಾಗುತ್ತದೆ. ಹಸಿರು ಬಂದರೆಗೆ ಈ ಕಷ್ಟ ಬೇಡ.

ದಾವಣಗೆರೆ ದಾಂಪತ್ಯ

ನಮ್ಮ ಮನೆಯ ಗೇಟಿನ ಎರಡು ಪಕ್ಕದಲ್ಲಿ ಒಂದೊಂದು ಬಂದರೆ ಇದೆ, ಒಂದೇ ದಿನ ನೆಟ್ಟದ್ದು. ಬಲಗಡೆಯದು ಪ್ರತಿ ವರ್ಷ ಗೊಂಚಲುಗಟ್ಟಲೆ ಕಾಯಿ ಬಿಡುತ್ತದೆ, ಎಡಗಡೆಯದಕ್ಕೆ ಆರು ವರ್ಷದಿಂದ ಒಂದೇ ಒಂದು ಕಾಯಿಯಿಲ್ಲ. ನನ್ನ ಹೆಂಡತಿ ಅದಕ್ಕೆ ಬೇವಿನ ಹಿಂಡಿ, ಎಪ್ಸಮ್ ಉಪ್ಪು, ಮಜ್ಜಿಗೆ ಎಲ್ಲವನ್ನೂ ಕೊಟ್ಟು ನೋಡಿದ್ದಾಳೆ. ಏನು ಕೊರತೆಯಿರಬಹುದು?

ಹಸಿರು ಹಾಳೆ

ಯಾವ ಕೊರತೆಯೂ ಇಲ್ಲ, ಅದು ಗಂಡು ಗಿಡ. ಇದರಲ್ಲಿ ಹೆಚ್ಚಾಗಿ ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿ ಬಿಡುತ್ತವೆ, ಎರಡೂ ಒಂದೇ ಗಿಡದಲ್ಲಿರುವುದು ಅಪರೂಪ. ಎಡಗಡೆಯದನ್ನು ಕಡಿದುಬಿಟ್ಟರೆ, ಹತ್ತಿರದಲ್ಲಿ ಬೇರೆ ಗಂಡು ಗಿಡವಿಲ್ಲದಿದ್ದರೆ, ಬಲಗಡೆಯದರಲ್ಲಿಯೂ ಒಳ್ಳೆಯ ಬೀಜ ಸಿಗುವುದು ಕಷ್ಟ.

ದಾವಣಗೆರೆ ದಾಂಪತ್ಯ

ಮಜ್ಜಿಗೆಯನ್ನು ಇವತ್ತಿನಿಂದ ನಾನೇ ಕುಡಿಯುತ್ತೇನೆ.

ಕಾಡು ಕಷಾಯ

ಇಷ್ಟೆಲ್ಲ ಮಾತಾಡಿದವರು ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ಬಂದರೆ ಸೊಪ್ಪನ್ನು ಬಾಡಿಸಿ ಕಟ್ಟಿದರೆ ಮುರಿದ ಮೂಳೆಯೂ ಕೂಡಿಕೊಳ್ಳುತ್ತದೆ. ನಮ್ಮ ಕಡೆ ಕಟ್ಟು ಹಾಕುವವರು ಇದನ್ನೇ ಬಳಸುವುದು. ಆಸ್ಪತ್ರೆಗೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯವೇ ಇಲ್ಲ.

ವಾರ್ಡಿನ ದಾದಿ

ಇದನ್ನು ಹೀಗೆಯೇ ಬಿಟ್ಟು ಹೋಗಲಾರೆ. ಉಳುಕಿಗೆ, ಬಾವಿಗೆ ಸೊಪ್ಪನ್ನು ಬಿಸಿ ಮಾಡಿ ಕಟ್ಟುವ ವಾಡಿಕೆ ನಮ್ಮ ನಾಡಿನಲ್ಲಿಯೂ ತೆಲುಗು ತಮಿಳು ನಾಡುಗಳಲ್ಲಿಯೂ ಹಳೆಯದು, ನಮ್ಮ ಅಜ್ಜಿಯೂ ಕಟ್ಟುತ್ತಿದ್ದರು, ಅದರಿಂದ ಹಾಯೆನಿಸುವುದನ್ನೂ ಬಲ್ಲೆ. ಆದರೆ ಮೂಳೆ ಮುರಿದಿದೆಯೋ ಇಲ್ಲವೋ ಎಂಬುದು ಎಕ್ಸ್‌ರೇ ತೆಗೆಯದೆ ಗೊತ್ತಾಗುವುದಿಲ್ಲ. ಮೂಳೆ ಸರಿಯಾದ ನೇರದಲ್ಲಿ ಕೂಡುವಂತೆ ಹಿಡಿದಿಡುವುದು ಸೊಪ್ಪಿನ ಕೆಲಸವಲ್ಲ. ಮೂರು ವಾರ ಬಿಗಿಯಾಗಿ ಕಟ್ಟು ಕಟ್ಟಿಸಿಕೊಂಡು, ಬೆರಳು ಕಪ್ಪಾದ ಮೇಲೆ ಬಂದ ಹುಡುಗನೊಬ್ಬನ ಕೈಯನ್ನು ನಾನು ನೋಡಿದ್ದೇನೆ. ಸೊಪ್ಪಿನ ತಪ್ಪಲ್ಲ ಅದು, ಬಿಗಿದವರದ್ದು. ಇನ್ನು ಕಷಾಯ ಮಾಡಿ ಕುಡಿಯುವ ಸಾಹಸವಂತೂ ಬೇಡ. ಮೇಕೆಯೇ ಮೂಸಿ ಬಿಡುವ ಸೊಪ್ಪು ಅದು.

ಕಾಡು ಕಷಾಯ

ಉಳುಕಿಗೆ ಎಂದು ತಿದ್ದಿ ಓದಿಕೊಳ್ಳಿ. ಮೂಳೆಯ ಮಾತು ಕೇಳಿದ್ದನ್ನು ಬರೆದೆ, ಕಂಡದ್ದಲ್ಲ.

ಕುರಿ ಕಾಯುವವನ ಮಗ

ಸವರುವುದರ ಬಗ್ಗೆ ಯಾರೂ ಹೇಳಲಿಲ್ಲ. ಗಿಡ ಮೊಣಕಾಲೆತ್ತರ ಬಂದ ಕೂಡಲೇ ಕುಡಿ ಚಿವುಟಬೇಕು, ಜೀವ ಮರುಗಿ ಬಿಟ್ಟರೆ ಬೇಲಿ ಬುಡದಲ್ಲಿ ಕಿಟಕಿ ಇಟ್ಟಂತಾಗುತ್ತದೆ. ಆಮೇಲೆ ವರ್ಷಕ್ಕೆರಡು ಬಾರಿ, ಮಳೆಗಾಲದ ಶುರುವಿಗೊಮ್ಮೆ ಮತ್ತು ಮುಗಿಯುವ ಹೊತ್ತಿಗೊಮ್ಮೆ, ಹಸಿರು ಇರುವಷ್ಟು ಭಾಗದಲ್ಲಿ ಮಾತ್ರ ಕತ್ತರಿ ಆಡಿಸಿ. ಐದಾರು ವರ್ಷ ಸುಮ್ಮನಿದ್ದು ಒಂದು ದಿನ ಮಚ್ಚು ಹಿಡಿದು ಎಲೆಯಿಲ್ಲದ ಹಳೆಯ ಬೊಡ್ಡೆಗೆ ಕಡಿದರೆ ಎಷ್ಟೋ ಗಿಡ ಮತ್ತೆ ಚಿಗುರುವುದೇ ಇಲ್ಲ. ಕತ್ತರಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಿರಿ, ಅಂಟು ಹಿಡಿದು ಬಾಯಿ ಮುಚ್ಚಿಕೊಳ್ಳುತ್ತದೆ.

ಶಿರಾ ಸೀಮೆ

ಎಲ್ಲರ ಮಾತು ಕೇಳಿ ಮಾಡಿದ್ದನ್ನು ವರದಿ ಮಾಡಬೇಕಲ್ಲ. ಡ್ರಿಪ್ ಪೈಪು ಅಟ್ಟ ಸೇರಿತು, ಹಟ್ಟಿ ಹೈದರಿಗೆ ತಿಳಿಸಿದ್ದೇನೆ ಎಂದುಕೊಳ್ಳಿ. ಪೂರ್ವದ ಬದುವಿನಲ್ಲಿ ಉಳಿದ 84 ಗಿಡಗಳಿಗೆ ಈಗ ಹದಿನೈದು ದಿನಕ್ಕೊಮ್ಮೆ ಮಾತ್ರ ಒಂದು ಬಿಂದಿಗೆ ನೀರು. ಉತ್ತರದ ತಗ್ಗಿಗೆ ಬಂದರೆಯ ಆಸೆ ಬಿಟ್ಟಿದ್ದೇನೆ, ಅಲ್ಲಿ ಲಕ್ಕಿ ಗಿಡ ಚುಚ್ಚುತ್ತೇನೆ, ಹೊಂಡದ ಪಕ್ಕದಲ್ಲಿ ಅದಾಗಿಯೇ ಹುಟ್ಟಿದ ಎರಡು ಪೊದೆಗಳಿವೆ.

ಗುಡ್ಡದಿಂದ ಬೀಜ ತಂದು ಮೇಷ್ಟ್ರ ಕ್ರಮದಲ್ಲಿಯೇ ಮಾಡಿದೆ. ಪರೀಕ್ಷೆಗೆಂದು ಇಪ್ಪತ್ತು ಪ್ಯಾಕೆಟ್ಟಿಗೆ ಬಿಸಿನೀರು ಕಾಣಿಸದ ಬೀಜವನ್ನೂ ಹಾಕಿದ್ದೆ. ಹದಿಮೂರನೆಯ ದಿನ ಬೆಳಿಗ್ಗೆ ಬಿಸಿನೀರಿನ ಸಾಲಿನಲ್ಲಿ ಮಣ್ಣು ಬಿರಿದು, ಸುರುಳಿ ಬಿಚ್ಚಿದಂತೆ ಎರಡು ಉದ್ದನೆಯ ಸಪೂರ ದಳಗಳು ಎದ್ದಿವೆ, ಒಂದರ ತುದಿಯಲ್ಲಿ ಕಪ್ಪು ಸಿಪ್ಪೆ ಇನ್ನೂ ಟೋಪಿಯಂತೆ ಕೂತಿದೆ. ಎಣಿಸಿದರೆ 31. ತಣ್ಣೀರಿನ ಇಪ್ಪತ್ತರಲ್ಲಿ ಎದ್ದದ್ದು ಒಂದು. ಟೋಪಿಯನ್ನು ನಾನೇ ತೆಗೆಯಬೇಕೋ, ತಾನಾಗಿ ಬೀಳುತ್ತದೆಯೋ?

ಕೋಟೆ ಮೇಷ್ಟ್ರು

ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲಿ. ತಾನಾಗಿ ಬೀಳುತ್ತದೆ. ಬೀಜ ಮಿಕ್ಕಿದ್ದರೆ ಬಟ್ಟೆಯ ಚೀಲದಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೆವರುತ್ತದೆ.

ತಾರಸಿ ತೋಟಗಾರ್ತಿ

ಮಿಕ್ಕಿದ್ದರೆ ನನಗೂ ಒಂದು ಹಿಡಿ ಬೇಕು. ಕುಂಡದಲ್ಲಿ ಬೆಳೆಯುತ್ತದೆಯೇ ಎಂದು ಕೇಳಿದರೆ ಬೈಯುವುದಿಲ್ಲ ತಾನೇ?

ಹಟ್ಟಿ ಹೈದ

ಬೈಯುವುದಿಲ್ಲ. ತಳಕ್ಕೆ ನಾಲ್ಕು ತೂತು ಹೆಚ್ಚಿಗೆ ಹೊಡೆಯಿರಿ.